ಎಡಗಡೆ ಸೀಟು ಹೆಂಗಸರದು

ಹೋದ ತಿಂಗಳು ಬಾಡಿಗೆ ಮನೆ ಹುಡುಕುವ ಪಾಡಿನ ಬಗ್ಗೆ ಬರೆದಿದ್ದೆ. ಅದನ್ನು ಓದಿ ಪುಣೆಯಿಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಮನೆ ಹೇಗೋ ಸಿಕ್ಕಿಬಿಡುತ್ತೆ ಸರ್. ಊರಿಂದ ಅಪ್ಪ ಅಮ್ಮ ಬಂದರೆ ಏನು ಮಾಡೋದು ಅನ್ನೋದೇ ದೊಡ್ಡ ಸಮಸ್ಯೆ. ನಾವಿಬ್ಬರೂ ಆಫೀಸಿಗೆ ಹೋದರೆ ಅವರು ಆರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಕೆಳಗಿನ ರಸ್ತೆ ನೋಡ್ತಾ ಇರ್ತಾರೆ. ಹದಿನೈದು ದಿನ ಆಗೋಷ್ಟರಲ್ಲಿ ಊರಿಗೆ ಕಳಿಸಿಬಿಡಿ ಅಂತಾರೆ. ಭಾಷೆ ಬರದ ಊರಲ್ಲಿ ಅವರನ್ನ ಒಬ್ಬೊಬ್ಬರನ್ನೇ ಹೊರಗೆ ಕಳಿಸೋದು ಹೇಗೆ?"

ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಅದರಲ್ಲಿ ಅವರಿಗೆ ಬೇಕಾದದ್ದು ಏನಾದರೂ ಇದ್ದರೆ ತೆಗೆದುಕೊಳ್ಳಲಿ.

ನಾನು ಚೆನ್ನೈಗೆ ಬಂದದ್ದು 2012ರಲ್ಲಿ. ಮನೆ ಅಡ್ಯಾರಿನಲ್ಲಿ, ಆಫೀಸು ಹಳೇ ಮಹಾಬಲಿಪುರಂ ರಸ್ತೆಯಲ್ಲಿ. ಇಲ್ಲಿ ಎಲ್ಲರ ಬಾಯಲ್ಲೂ ಅದು ಓಎಂಆರ್. ಆ ರಸ್ತೆ ಶುರುವಾಗುವ ಮಧ್ಯ ಕೈಲಾಶ್ ದೇವಸ್ಥಾನದ ಹತ್ತಿರ ಬೆಳಿಗ್ಗೆ ಕಂಪನಿಯ ಷಟಲ್ ಬರುತ್ತಿತ್ತು. ಎಸಿ ಬಸ್ಸು, ಕಿಟಕಿಗೆ ಕರ್ಟನ್ನು, ಕಿವಿಗೆ ಇಯರ್‌ಫೋನು. ಟೈಡೆಲ್ ಪಾರ್ಕ್, ಪೆರುಂಗುಡಿ, ತೊರೈಪಾಕ್ಕಂ, ಶೋಳಿಂಗನಲ್ಲೂರ್ ಎಲ್ಲವೂ ನನ್ನ ಪಾಲಿಗೆ ಟ್ರಾಫಿಕ್ ಜಾಮ್‌ಗಳ ಹೆಸರು ಮಾತ್ರ. ಬಸ್ಸಿನೊಳಗೆ ನಮ್ಮ ಮಾತು ಇಂಗ್ಲಿಷು, ಇಲ್ಲದಿದ್ದರೆ ಹಿಂದಿ. ಶನಿವಾರ ಭಾನುವಾರ ಎಲ್ಲಿಗಾದರೂ ಹೋಗಬೇಕೆಂದರೆ ಮೊಬೈಲಿನಲ್ಲಿ ಕ್ಯಾಬ್. ನನಗೆ ಬರುತ್ತಿದ್ದ ತಮಿಳು 'ವೇಣುಂ', 'ವೇಂಡಾಂ', 'ಎವ್ವಳವು' ಇಷ್ಟೇ. ಹತ್ತು ವರ್ಷ ಹೀಗೇ ಕಳೆಯಿತು. ವಿದೇಶದಲ್ಲಿರುವ ಸ್ನೇಹಿತರಿಗೆ "ನೀವೆಲ್ಲ ಪರದೇಶದಲ್ಲಿದ್ದೀರಿ" ಅನ್ನುತ್ತಿದ್ದೆ. ಊರಿಂದ ಸುಮಾರು ಐನೂರು ಕಿಲೋಮೀಟರ್ ದೂರದಲ್ಲಿ ನಾನೂ ಪರದೇಶಿಯಾಗಿಯೇ ಇದ್ದೆ ಎಂಬುದು ಹೊಳೆದಿರಲಿಲ್ಲ.

2016ರ ಸೆಪ್ಟೆಂಬರ್ ನಿಮಗೆಲ್ಲ ನೆನಪಿರುತ್ತದೆ. ಕಾವೇರಿ ತೀರ್ಪಿನ ಗಲಾಟೆ. ಹನ್ನೆರಡನೇ ತಾರೀಕು ಬೆಂಗಳೂರಿನಲ್ಲಿ ತಮಿಳುನಾಡಿನ ಖಾಸಗಿ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಸುಟ್ಟವು. ಅದೇ ದಿನ ಇಲ್ಲಿ ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಯಿತು. ಎರಡೂ ಕಡೆಯ ಸರ್ಕಾರಿ ಬಸ್ಸುಗಳು ನಿಂತವು. ಹೊಸೂರು ಮತ್ತು ಅತ್ತಿಬೆಲೆಯ ನಡುವೆ ಜನ ಮಕ್ಕಳನ್ನು ಎತ್ತಿಕೊಂಡು, ಲಗೇಜು ಎಳೆದುಕೊಂಡು ನಡೆದೇ ಗಡಿ ದಾಟಿದರು. ಆ ವಾರ ನಾನು ಮನೆಯಲ್ಲಿ "ರಸ್ತೆಯಲ್ಲಿ ಕನ್ನಡ ಮಾತಾಡಬೇಡ" ಎಂದು ಹೆಂಡತಿಗೆ ತಾಕೀತು ಮಾಡಿದ್ದೆ. ಷಟಲ್‌ನಲ್ಲಿ ಅಮ್ಮನ ಫೋನು ಬಂದರೆ ಕತ್ತರಿಸಿಬಿಡುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಿಜ ಹೇಳಬೇಕೆಂದರೆ ಕೇಳುವಷ್ಟು ಹತ್ತಿರ ನಾನು ಯಾರಿಗೂ ಹೋಗಿರಲಿಲ್ಲ. ನನ್ನ ಹೆದರಿಕೆಯೆಲ್ಲ ಟಿವಿ ಮತ್ತು ವಾಟ್ಸಾಪಿನಿಂದ ಬಂದದ್ದು. ಆ ತಿಂಗಳ ಕೊನೆಗೆ ಊರಿಗೆ ಹೋಗಲು ಟಿಕೆಟ್ ಸಿಕ್ಕಿದ್ದು ಚೆನ್ನೈ–ಮೈಸೂರು ರೈಲಿಗೆ. ಅದರ ಹೆಸರು ಕಾವೇರಿ ಎಕ್ಸ್‌ಪ್ರೆಸ್. ಎರಡು ಭಾಷೆಯವರೂ ಒಂದೇ ಬೋಗಿಯಲ್ಲಿ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ವಾಪಸು ಬಂದು ಮತ್ತೆ ಷಟಲ್ ಹತ್ತಿದೆ.

2022ರ ಅಕ್ಟೋಬರ್‌ನಲ್ಲಿ ಅಪ್ಪನಿಗೆ ಆಪರೇಷನ್ ಆಗಬೇಕು ಎಂದಾಯಿತು. ಅರಸೀಕೆರೆಯಿಂದ ಇಲ್ಲಿಗೇ ಕರೆದುಕೊಂಡು ಬಂದೆ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅಮ್ಮ ಅಂಕಿ, ಕನ್ನಡ ಎರಡನ್ನೂ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಆಸ್ಪತ್ರೆ ಊರಿನ ಆ ಕಡೆ, ನಮ್ಮ ಮನೆ ಈ ಕಡೆ. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ಹಗಲು ಅಮ್ಮ, ರಾತ್ರಿ ನಾನು ಎಂದು ಹಂಚಿಕೊಂಡೆವು. ಅಮ್ಮ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಹೋಗಬೇಕು, ಸಂಜೆ ನಾನು ಬಂದ ಮೇಲೆ ಮನೆಗೆ ಮರಳಬೇಕು.

ಮೊದಲ ವಾರ ಕ್ಯಾಬ್ ಮಾಡಿದೆ. ಬುಕ್ ಮಾಡುವುದು ನನ್ನ ಫೋನಿನಿಂದ, ಕಾಯುವುದು ಅಮ್ಮ. ಡ್ರೈವರ್ ನನಗೆ ಫೋನ್ ಮಾಡಿ ತಮಿಳಿನಲ್ಲಿ ಎಲ್ಲಿದ್ದೀರಿ ಅನ್ನುತ್ತಾನೆ. ನಾನು ಇಂಗ್ಲಿಷಿನಲ್ಲಿ ಗೇಟು ಅನ್ನುತ್ತೇನೆ. ಆಸ್ಪತ್ರೆಗೆ ಮೂರು ಗೇಟು. ಅಮ್ಮ ಇನ್ನೊಂದರ ಹತ್ತಿರ ನಿಂತಿರುತ್ತಾಳೆ. ಅಷ್ಟರಲ್ಲಿ ಅವನು ಕ್ಯಾನ್ಸಲ್ ಮಾಡಿರುತ್ತಾನೆ. ಒಂದು ಸಂಜೆ ಹೀಗೆ ಮೂರು ಸಲ ಆಯಿತು. ನಾಲ್ಕನೆಯದಕ್ಕೆ ಪ್ರಯತ್ನಿಸುತ್ತಿದ್ದಾಗ ಹೆಂಡತಿಯ ಫೋನು, "ಅತ್ತೆ ಮನೆಗೆ ಬಂದಾಯ್ತು, ಬಸ್ಸಲ್ಲಿ ಬಂದರು."

ಆಸ್ಪತ್ರೆಯ ಆಯಾ ಒಬ್ಬಳು ಹೇಳಿಕೊಟ್ಟಿದ್ದಳಂತೆ, ಅಡ್ಯಾರಿಗೆ 29ಸಿ. ಅಮ್ಮ ಅದನ್ನು "ಇಪ್ಪತ್ತೊಂಬತ್ತು, ಪಕ್ಕದಲ್ಲಿ ಅರ್ಧಚಂದ್ರ" ಎಂದು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಕಂಡಕ್ಟರಿಗೆ ಇಪ್ಪತ್ತು ರೂಪಾಯಿ ಚಾಚಿದರೆ ಅವನು ಕೈ ಆಡಿಸಿ "ಫ್ರೀಮ್ಮಾ" ಎಂದು ಟಿಕೆಟ್ ಮಾತ್ರ ಕೊಟ್ಟನಂತೆ. ಆಸ್ಪತ್ರೆಯ ಬ್ಯಾಗು ನೋಡಿ ಪಾಪ ಅಂದುಕೊಂಡ ಎಂದು ಅಮ್ಮನಿಗೆ ಸಿಟ್ಟು ಬಂದಿದೆ. "ನಾವೇನು ಗತಿಗೆಟ್ಟೋರಾ" ಅಂತ ದುಡ್ಡು ಮುಂದೆ ಹಿಡಿದೇ ಇದ್ದಳಂತೆ. ಪಕ್ಕದ ಹೆಂಗಸು ತನ್ನ ಟಿಕೆಟ್ಟನ್ನೂ ತೋರಿಸಿ ನಕ್ಕ ಮೇಲೆ ಅರ್ಥವಾಯಿತು. 2021ರ ಮೇ ತಿಂಗಳಿಂದ ಇಲ್ಲಿ ಸಾಧಾರಣ ಸಿಟಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಯಾವ ಊರು, ಯಾವ ಕಾರ್ಡು ಎಂದು ಅಮ್ಮನನ್ನು ಯಾರೂ ಕೇಳಲಿಲ್ಲ. ಆ ಬಸ್ಸುಗಳ ಮುಂದೆ ಹಿಂದೆ ಗುಲಾಬಿ ಬಣ್ಣ ಬಳಿಯಲು ಶುರುಮಾಡಿದ್ದೂ ಅದೇ ವರ್ಷ, 2022ರಲ್ಲಿ. ಎರಡೇ ದಿನದಲ್ಲಿ ಅಮ್ಮ ಗುಲಾಬಿ ಬಸ್ಸನ್ನು ದೂರದಿಂದಲೇ ಗುರುತಿಸಿ, ಡೀಲಕ್ಸ್ ಬಂದರೆ ಮುಖ ತಿರುಗಿಸಿಕೊಂಡು ನಿಲ್ಲುವಷ್ಟು ಪಳಗಿದಳು.

ನನಗೆ ಇದು ಒಪ್ಪಿಗೆಯಾಗಿರಲಿಲ್ಲ. ಅರವತ್ತೆರಡು ವರ್ಷದವಳು, ಭಾಷೆ ಬರುವುದಿಲ್ಲ, ಗಂಡ ಆಸ್ಪತ್ರೆಯಲ್ಲಿ. ಕ್ಯಾಬಿನ ದುಡ್ಡಿನ ಚಿಂತೆ ಮಾಡಬೇಡ ಎಂದೆ. "ದುಡ್ಡಿಗಲ್ಲ ಕಣೋ. ಆ ಕಾರಲ್ಲಿ ಕೂತ್ರೆ ಬರೀ ನಿಮ್ಮಪ್ಪಂದೇ ಯೋಚ್ನೆ. ಬಸ್ಸಲ್ಲಿ ನಾಲ್ಕ್ ಜನದ ಮುಖ ಕಾಣುತ್ತೆ" ಅಂದಳು. ಅದಕ್ಕೆ ಎದುರು ಮಾತು ಹೊಳೆಯಲಿಲ್ಲ.

ನವೆಂಬರ್ ಅಂದರೆ ಇಲ್ಲಿ ಹಿಂಗಾರು ಮಳೆಯ ಕಾಲ. ಒಂದು ದಿನ ಊರಿಂದ ಭಾವ ಬಂದು ಅಪ್ಪನ ಹತ್ತಿರ ಇದ್ದರು. ಅಮ್ಮ ಐದು ಗಂಟೆಗೇ ಹೊರಟಿದ್ದಳು. ನಾನು ಷಟಲ್‌ನಲ್ಲಿ ಪೆರುಂಗುಡಿಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದೆ. ಏಳೂವರೆಗೆ ಹೆಂಡತಿಯ ಫೋನು, "ಅತ್ತೆ ಇನ್ನೂ ಬಂದಿಲ್ಲ, ಫೋನು ಸ್ವಿಚ್ ಆಫ್." ಕರ್ಟನ್ ಸರಿಸಿ ನೋಡಿದರೆ ಹೊರಗೆ ನೀರು, ಕೆಂಪು ದೀಪಗಳ ಸಾಲು. ಎದ್ದು ನಿಂತೆ, ಮತ್ತೆ ಕೂತೆ. ಇಳಿದು ಎಲ್ಲಿಗೆ ಹೋಗಲಿ? 29ಸಿ ಯಾವ ರಸ್ತೆಯಲ್ಲಿ ಹೋಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಆ ಬಸ್ಸು ನಮ್ಮ ಮನೆಯ ಹತ್ತಿರದ ಸ್ಟಾಪಿನಲ್ಲಿ ನಿಂತು ಹೋಗಿತ್ತು. ಪಕ್ಕದ ಸೀಟಿನ ಸಹೋದ್ಯೋಗಿ ನನ್ನ ಮುಖ ನೋಡಿ ವಿಷಯ ಕೇಳಿದ. ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಬಂದಿದ್ದೆವು, ಅವನ ಹೆಸರು ನನಗೆ ಅವತ್ತು ತಿಳಿಯಿತು. "ಮಳೆ ಬಂದರೆ ಬಸ್ಸು ಮೈಲಾಪುರದಲ್ಲೇ ನಿಲ್ಲಿಸಿಬಿಡ್ತಾರೆ, ಗಾಬರಿಯಾಗಬೇಡಿ, ಜನ ಇರ್ತಾರೆ" ಎಂದ.

ಅಮ್ಮ ಮುಕ್ಕಾಲು ಒಂಬತ್ತಕ್ಕೆ ಮನೆಗೆ ಬಂದಳು. ಸೆರಗು ಒದ್ದೆ, ಕೈಯಲ್ಲಿ ಎರಡು ಮೊಳ ಮಲ್ಲಿಗೆ. ಆ ಸಹೋದ್ಯೋಗಿ ಹೇಳಿದ ಹಾಗೆಯೇ ಆಗಿತ್ತು. ಮುಂದೆ ನೀರು ನಿಂತಿದೆ ಎಂದು ಕಂಡಕ್ಟರ್ ವಿಷಲ್ ಊದಿ ಎಲ್ಲರನ್ನೂ ಮೈಲಾಪುರದಲ್ಲಿ ಇಳಿಸಿದ್ದ. ಅಮ್ಮ ಹೂ ಮಾರುವವಳ ಹತ್ತಿರ ಹೋಗಿ "ಅಡ್ಯಾರ್ ಪೋಗ್‌ಬೇಕು" ಅಂದಿದ್ದಾಳೆ. ಅದು ಕನ್ನಡವೂ ಅಲ್ಲ, ತಮಿಳೂ ಅಲ್ಲ. ಹೂವಿನವಳು ತನ್ನ ಸ್ಟೂಲು ಕೊಟ್ಟು ಟಾರ್ಪಾಲಿನ ಕೆಳಗೆ ಕೂರಿಸಿದ್ದಾಳೆ. ಒಂದೂವರೆ ಗಂಟೆ ಇಬ್ಬರೂ ಮಾತಾಡಿದ್ದಾರೆ, ಒಬ್ಬಳು ತಮಿಳು, ಒಬ್ಬಳು ಕನ್ನಡ. ಬಸ್ಸು ಬಂದಾಗ ಕಂಡಕ್ಟರಿಗೆ ಹೇಳಿ ಹತ್ತಿಸಿದ್ದಾಳೆ. ನಾನು ಬೈಯಲು ಬಾಯಿ ತೆರೆದೆ. ಅಮ್ಮ ಫೋನನ್ನು ಚಾರ್ಜಿಗೆ ಹಾಕುತ್ತಾ "ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತಾರೆ. ಮಳೆಗಾಲದಲ್ಲಿ ಬದುಕಕ್ಕಾಗಲ್ವಾ? ಊಟ ಮಾಡು ಹೋಗು" ಅಂದಳು.

ಮಾರನೇ ದಿನ ಈ ಕತೆಯನ್ನು ಅಪ್ಪನ ಮುಂದೆ ಹೇಳುತ್ತಾ ಅಮ್ಮ ತನ್ನ ಸಂಶೋಧನೆಯನ್ನೂ ಹೇಳಿದಳು: "ಏನಿಲ್ಲ, ನಮ್ಮ ಹಕಾರಕ್ಕೆ ಇವ್ರು ಪಕಾರ ಹಾಕ್ತಾರೆ. ಹಾಲಿಗೆ ಪಾಲು, ಹೂವಿಗೆ ಪೂ, ಹುಲಿಗೆ ಪುಲಿ, ಹೋಗು ಅನ್ನಕ್ಕೆ ಪೋ. ಹಕಾರ ಬಂದ ಕಡೆ ಪಕಾರ ಹಾಕಿ ಮಾತಾಡ್ತೀನಿ, ಅರ್ಥ ಆಗುತ್ತೆ." ಅಪ್ಪ ದಿಂಬಿಗೆ ಒರಗಿಕೊಂಡೇ, "ಅದು ತಮಿಳಲ್ಲ ಕಣೇ, ಹಳಗನ್ನಡ. ಪಂಪನ ಕಾಲದಲ್ಲಿ ನಾವೂ ಪಾಲ್, ಪೂ, ಪೋಗು ಅಂತಲೇ ಅಂತಿದ್ದದ್ದು. ಆಮೇಲೆ ನಾವು ಬದಲಾಯಿಸಿಕೊಂಡ್ವಿ, ಅವರು ಇಟ್ಟುಕೊಂಡರು. ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆ, ಒಬ್ಬನ ತಲೆಗೂ ಹೋಗಲಿಲ್ಲ. ನೀನು ಬಸ್ಸಲ್ಲಿ ಕಲಿತು ಬಂದೆ" ಎಂದರು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ನಕ್ಕರು. ಆಪರೇಷನ್ ಆದ ಮೇಲೆ ಅಪ್ಪ ನಕ್ಕಿದ್ದು ಅದೇ ಮೊದಲು.

ಅಪ್ಪ ಅಮ್ಮ ಊರಿಗೆ ಹೋದ ಮೇಲೆ, 2023ರ ಜನವರಿಯಿಂದ, ವಾರಕ್ಕೆ ಎರಡು ದಿನ ಷಟಲ್ ಬಿಟ್ಟು ಸರ್ಕಾರಿ ಬಸ್ಸು ಹತ್ತಲು ಶುರುಮಾಡಿದೆ. ಮೊದಲ ದಿನವೇ ಪೇಚು. ಬೆಂಗಳೂರಿನಲ್ಲಿ ಹೆಂಗಸರ ಸೀಟು ಮುಂದೆ, ಗಂಡಸರದು ಹಿಂದೆ. ಇಲ್ಲಿ ಎಡಗಡೆಯ ಸಾಲು ಹೆಂಗಸರದು. ನಾನು ಹಿಂದೆ ಹೋಗಿ ಎಡಗಡೆಯ ಖಾಲಿ ಸೀಟಿನಲ್ಲಿ ಹಾಯಾಗಿ ಕೂತೆ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಕಾಲೇಜು ಹುಡುಗಿಯರು ನನ್ನ ಪಕ್ಕ ನಿಂತು ಏನೂ ಅನ್ನದೆ ನೋಡಿದರು. ಆ ನೋಟಕ್ಕಿಂತ ಬೈಗುಳ ವಾಸಿ.

ಎರಡನೆಯ ಪಾಠ ಟಿಕೆಟ್ಟಿನದು. ಬೆಂಗಳೂರಿನಲ್ಲಿ ಕಂಡಕ್ಟರ್ ನಮ್ಮ ಹತ್ತಿರ ಬರುತ್ತಾನೆ. ಇಲ್ಲಿ ಅವನು ಹಿಂಬಾಗಿಲ ಹತ್ತಿರ ತನ್ನ ಸೀಟಿನಲ್ಲೇ ಕೂತಿರುತ್ತಾನೆ, ನಮ್ಮ ದುಡ್ಡೇ ಅವನ ಹತ್ತಿರ ಹೋಗಬೇಕು. ಮುಂದೆ ನಿಂತವರು ಐವತ್ತರ ನೋಟನ್ನು ಹಿಂದಿನವರ ಕೈಗೆ ಕೊಟ್ಟು ಸ್ಟಾಪಿನ ಹೆಸರು ಹೇಳುತ್ತಾರೆ. ನೋಟು ಐದಾರು ಕೈ ದಾಟಿ ಹೋಗುತ್ತದೆ, ಟಿಕೆಟ್ಟೂ ಚಿಲ್ಲರೆಯೂ ಅದೇ ಕೈಗಳನ್ನು ದಾಟಿ ವಾಪಸು ಬರುತ್ತವೆ. ನನ್ನ ಚಿಲ್ಲರೆ ಒಂದು ದಿನವೂ ಕಡಿಮೆ ಬಂದಿಲ್ಲ. ಮೊದಮೊದಲು ಬೇರೆಯವರ ದುಡ್ಡು ನನ್ನ ಕೈಗೆ ಬಂದಾಗ, ಎಲ್ಲಿಗೆ ಎಂದು ತಮಿಳಿನಲ್ಲಿ ಕೂಗಿ ಹೇಳಬೇಕಾಗಿ ಬಂದು ಬೆವೆತಿದ್ದೆ. ಈಗ ನಾನೂ ಕೂಗುತ್ತೇನೆ. ಒಮ್ಮೆ ನನ್ನ ಉಚ್ಚಾರಣೆ ಕೇಳಿ ಕಂಡಕ್ಟರ್ "ಯಾವ ಊರು" ಎಂದ. ಬೆಂಗಳೂರು ಕಡೆ ಎಂದೆ. ಅವನ ಮುಖ ಅರಳಿತು, "ನಮ್ಮ ತಲೈವರ್ ಕಂಡಕ್ಟರ್ ಆಗಿದ್ದ ಊರು!" ರಜನಿಕಾಂತ್ ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು, ಅಲ್ಲಿಂದಲೇ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದವರು. 2016ರಲ್ಲಿ ನಾನು ಬಚ್ಚಿಟ್ಟುಕೊಂಡಿದ್ದ ಊರಿನ ಹೆಸರಿಗೆ ಬಸ್ಸಿನಲ್ಲಿ ಸಿಕ್ಕ ಮರ್ಯಾದೆ ಇದು.

ತಮಿಳು ಓದಲು ಕಲಿತದ್ದೂ ಬಸ್ಸಿನ ಬೋರ್ಡಿನಿಂದಲೇ. ಬೋರ್ಡಿನ ಮೇಲೆ ಊರಿನ ಹೆಸರು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ, ಅದೇ ಕಾಪಿ ಪುಸ್ತಕ. ಕ, ಗ ಎರಡಕ್ಕೂ ಒಂದೇ ಅಕ್ಷರ ಎಂಬುದು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿಯುತ್ತದೆ. ಅಮ್ಮನ ಸೂತ್ರವನ್ನು ಸ್ವಲ್ಪ ವಿಸ್ತರಿಸಿಕೊಂಡೆ. ನಮ್ಮ ಬಕಾರಕ್ಕೆ ಅವರದು ವಕಾರ: ಬಾ ಎಂದರೆ ವಾ, ಬಂಡಿ ಎಂದರೆ ವಂಡಿ, ಬಲ ಎಂದರೆ ವಲ. ನಮ್ಮ ಕಿವಿ ಅವರ ಚೆವಿ, ನಮ್ಮ ಕೇರಿ ಅವರ ಚೇರಿ. ಹಾಗಾಗಿ ವೇಳಚ್ಚೇರಿಯಲ್ಲಿ ಒಂದು ಕೇರಿ ಇದೆ, ಪುದುಚ್ಚೇರಿ ಎಂದರೆ ಹೊಸಕೇರಿ. ಹಳೇ ಗಾಡಿಗಳ ಬಿಡಿಭಾಗಕ್ಕೆ ಹೆಸರಾದ ಪುದುಪೇಟೆ ನಮ್ಮ ಹೊಸಪೇಟೆಯೇ. ಇಷ್ಟು ವರ್ಷ ಕರ್ಟನ್ನಿನ ಹಿಂದೆ ಕೂತು ನಾನು ದಾಟಿ ಹೋದ ಊರುಗಳಿಗೆಲ್ಲ ನನಗೆ ಅರ್ಥವಾಗುವ ಹೆಸರಿತ್ತು.

ಜೊತೆಯಲ್ಲಿ ಕೂತ ಹಿರಿಯರ ಬಾಯಲ್ಲಿ ಊರಿನ ಕತೆಯೂ ಬರುತ್ತದೆ. ಕೆಲವರು ಈಗಲೂ ಸಿಟಿ ಬಸ್ಸನ್ನು 'ಪಲ್ಲವನ್' ಅನ್ನುತ್ತಾರೆ, 1972ರಲ್ಲಿ ಶುರುವಾದ ಪಲ್ಲವನ್ ಸಾರಿಗೆ ಸಂಸ್ಥೆಯ ಹೆಸರು ಅದು. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1856ರಲ್ಲಿ ಇಲ್ಲಿನ ರಾಯಪುರಂನಿಂದ. 1895ರಿಂದ 1953ರವರೆಗೆ ಇಲ್ಲಿ ಎಲೆಕ್ಟ್ರಿಕ್ ಟ್ರಾಮ್ ಓಡಿತು. ಬೀಚ್‌ನಿಂದ ತಾಂಬರಂಗೆ ಕರೆಂಟಿನ ಲೋಕಲ್ ರೈಲು 1931ರಲ್ಲೇ ಬಂತು. ಮೆಟ್ರೋ ಬಂದದ್ದು 2015ರಲ್ಲಿ. ಹೊರಗಿನಿಂದ ಬಂದವರನ್ನು ಈ ಊರು ಬಹಳ ಕಾಲದಿಂದ ಒಟ್ಟಿಗೆ ಕೂರಿಸಿ ಕರೆದೊಯ್ಯುತ್ತಿದೆ. ಕನ್ನಡ ಸಿನಿಮಾದವರು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಊರೂ ಇದೇ.

ಇದರ ಫಲ ನಿಜವಾದ ಪರದೇಶದಲ್ಲೂ ಸಿಕ್ಕಿತು. 2024ರಲ್ಲಿ ಕೆಲಸದ ಮೇಲೆ ಎರಡು ವಾರ ಸಿಂಗಪುರದಲ್ಲಿದ್ದೆ. ಕಂಪನಿ ಟ್ಯಾಕ್ಸಿ ಕೊಡುತ್ತಿತ್ತು, ನಾನು ರೈಲು ಬಸ್ಸು ಹಿಡಿದೆ. ಅಲ್ಲಿ ಹತ್ತುವಾಗ ಇಳಿಯುವಾಗ ಎರಡು ಸಲ ಕಾರ್ಡು ತಾಗಿಸಬೇಕು, ಹೋದ ದೂರಕ್ಕೆ ತಕ್ಕ ದುಡ್ಡು. ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಸ್ಟೇಷನ್ನಿನ ಎಚ್ಚರಿಕೆಯ ಫಲಕಗಳಲ್ಲಿ ಚೀನೀ ಅಕ್ಷರಗಳ ಪಕ್ಕದಲ್ಲಿ ತಮಿಳು ಕಂಡಾಗ ಅಡ್ಯಾರಿನ ಬಸ್ ಸ್ಟಾಪಿನಲ್ಲಿ ನಿಂತ ಹಾಗಾಯಿತು. ಒಬ್ಬನೇ ನಿಂತು ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ತಮಿಳಿನಲ್ಲಿ ಊರು ಯಾವುದು ಎಂದರು. "ಚೆನ್ನೈ" ಅಂದೆ. ನನ್ನ ಬಾಯಲ್ಲಿ ಆ ಉತ್ತರ ಬಂದದ್ದು ಅದೇ ಮೊದಲ ಸಲ.

ಹಾಗಾಗಿ ಪುಣೆಯ ಓದುಗರಿಗೆ ನಾನು ಹೇಳುವುದಿಷ್ಟು. ಒಂದು ಚೀಟಿಯಲ್ಲಿ ಬಸ್ಸಿನ ನಂಬರು, ಇಳಿಯುವ ಸ್ಟಾಪು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಮ್ಮನ ಪರ್ಸಿನಲ್ಲಿಡಿ, ಹಿಂದೆ ನಿಮ್ಮ ಫೋನ್ ನಂಬರು. ಮೂರು ಸಲ ಜೊತೆಗೆ ಹೋಗಿ. ನಾಲ್ಕನೇ ಸಲ ದೇವಸ್ಥಾನಕ್ಕೋ ತರಕಾರಿ ಮಾರ್ಕೆಟ್ಟಿಗೋ ಅವರನ್ನೇ ಕಳಿಸಿ. ಹೊರಡುವ ಮುಂಚೆ ಫೋನು ಚಾರ್ಜ್ ಆಗಿದೆಯೇ ನೋಡಿ, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಿರಿಯರಿಗೆ ಯಾವ ಬಸ್ಸಿನಲ್ಲಿ ರಿಯಾಯಿತಿ ಇದೆ ಎಂದು ನೀವೇ ವಿಚಾರಿಸಿ. ಚೆನ್ನೈನವರಾದರೆ 2025ರಲ್ಲಿ ಬಂದ 'ಚೆನ್ನೈ ಒನ್' ಆ್ಯಪ್ ಇದೆ, ಬಸ್ಸು, ಮೆಟ್ರೋ, ಲೋಕಲ್ ರೈಲು ಮೂರಕ್ಕೂ ಅದರಲ್ಲೇ ಟಿಕೆಟ್. ಎಲ್ಲಕ್ಕಿಂತ ಮೊದಲು ಆ ಬಸ್ಸಿನಲ್ಲಿ ನೀವು ಒಂದು ವಾರ ಓಡಾಡಿ. ಅಪ್ಪ ಅಮ್ಮನಿಗೆ ಭಾಷೆ ಬರುವುದಿಲ್ಲ ಎಂದು ಚಿಂತೆ ಮಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಬರುತ್ತದೆ?

2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದಾಗ ಅಮ್ಮ ಫೋನ್ ಮಾಡಿ, "ಇಲ್ಲೂ ಫ್ರೀ ಮಾಡಿದಾರೆ ಕಣೋ, ಆದ್ರೆ ಆಧಾರ್ ಕಾರ್ಡ್ ತೋರ್ಸು ಅಂತಾರೆ. ನಿಮ್ಮೂರಲ್ಲಿ ಮುಖ ನೋಡೇ ಕೊಟ್ಟಿದ್ರು" ಅಂದಳು. ನಿಮ್ಮೂರು ಅಂದರೆ ಚೆನ್ನೈ.

ಅಪ್ಪ ಈಗ ಆರಾಮಾಗಿದ್ದಾರೆ. ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಇಬ್ಬರೂ ಬರುತ್ತಾರೆ. ಹೋದ ಸಲ ನಾನು ರಜೆ ಹಾಕಿ ಜೊತೆಗೆ ಹೊರಟೆ, ಕ್ಯಾಬ್ ಬುಕ್ ಮಾಡಲು ಫೋನ್ ತೆಗೆದೆ. ಅಷ್ಟರಲ್ಲಿ ಅಮ್ಮ ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದು 29ಸಿ ನಿಲ್ಲಿಸಿಯಾಗಿತ್ತು. ಅಪ್ಪನನ್ನು ಕೈ ಹಿಡಿದು ಹತ್ತಿಸಿದಳು. ಹಿಂದಿನಿಂದ ಹತ್ತಿದ ನನಗೆ ಇಡೀ ಬಸ್ಸಿಗೆ ಕೇಳುವ ಹಾಗೆ ಕನ್ನಡದಲ್ಲೇ ಕೂಗಿ ಹೇಳಿದಳು: "ಅಪ್ಪನ್ನ ಬಲಗಡೆ ಕೂರಿಸ್ಕೊಳೋ, ಎಡಗಡೆ ನಮ್ದು."